ಮುಯ್ಯಾಳಿನ ಲೆಕ್ಕ

ಅವ್ವ ಶಾಲೆಯ ಮುಖ ನೋಡಿದವಳಲ್ಲ. ಸಹಿ ಮಾಡಲು ಕಲಿತದ್ದೂ ಸ್ತ್ರೀಶಕ್ತಿ ಸಂಘ ಸೇರಿದ ಮೇಲೆ. ಆದರೆ ಕಡರನಾಯಕನಹಳ್ಳಿಯ ನಮ್ಮ ಓಣಿಯಲ್ಲಿ ಲೆಕ್ಕದ ಮಾತು ಬಂದರೆ ಎಲ್ಲರೂ ಅವಳ ಕಡೆ ತಿರುಗುತ್ತಿದ್ದರು. ಹರಿಹರ ತಾಲ್ಲೂಕಿಗೆ ಭದ್ರಾ ನಾಲೆಯ ನೀರು ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ನಮ್ಮದು ಅಚ್ಚುಕಟ್ಟಿನ ಕೊನೆ ಭಾಗ. ನೀರು ತಡವಾಗಿ ಬರುತ್ತದೆ, ಬಂದರೆ ಎಲ್ಲರಿಗೂ ಒಟ್ಟಿಗೇ ಬರುತ್ತದೆ, ಊರಿಗೆ ಊರೇ ನಾಟಿಗೆ ಇಳಿಯುತ್ತದೆ. ಆಗ ಕೂಲಿ ಹೆಚ್ಚು ಕೊಡುತ್ತೇನೆಂದರೂ ಆಳು ಸಿಗುವುದಿಲ್ಲ. ಮುಯ್ಯಾಳೇ ಗತಿ. ಇವತ್ತು ನೀವು ನಮ್ಮ ಗದ್ದೆಗೆ, ನಾಳಿದ್ದು ನಾವು ನಿಮ್ಮ ಗದ್ದೆಗೆ. ಯಾರ ಮನೆಯಿಂದ ಎಷ್ಟು ಹೆಣ್ಣಾಳು ಬಂದರು, ಅವರಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದ ಮೇಲೆ ಮನೆಗೆ ಹೋದವರು ಯಾರು, ನಮ್ಮಿಂದ ಯಾರಿಗೆ ಎಷ್ಟು ದಿನದ ಬಾಕಿ, ಹೋದ ಬೆಳೆಯಲ್ಲಿ ತೀರದೆ ಉಳಿದದ್ದು ಯಾವುದು ಎಂಬುದೆಲ್ಲ ಅವ್ವನ ತಲೆಯಲ್ಲಿತ್ತು. ಮದುವೆಗಳಲ್ಲಿ ಯಾರು ಯಾವ ಸೀರೆ ಮುಯ್ಯಿ ಮಾಡಿದರು, ತಿರುಗಿ ಯಾರಿಗೆ ಯಾವುದು ಹೋಗಬೇಕು ಎಂಬುದೂ ಅಲ್ಲೇ. ಬರೆದಿಟ್ಟುಕೊಂಡ ಅಕ್ಷರಸ್ಥರು ತಪ್ಪುತ್ತಿದ್ದರು, ಅವಳು ತಪ್ಪುತ್ತಿರಲಿಲ್ಲ.

ಆ ಲೆಕ್ಕದಲ್ಲೇ ಮೊದಲ ಬಿರುಕು ಕಂಡದ್ದು. ಒಂದು ನಾಟಿಯ ಕೊನೆಗೆ ಕೂಲಿಯವಳೊಬ್ಬಳು ಹಿತ್ತಲ ಬಾಗಿಲಿಗೆ ಬಂದು ನಮ್ಮ ಅತ್ತಿಗೆಯ ಕೈಗೆ ದುಡ್ಡು ಇಟ್ಟಳು. "ಅಮ್ಮಾರು ನಿನ್ನೇನೂ ಕೊಟ್ಟಿದ್ರು, ಇವತ್ತೂ ಕೊಟ್ಟಾರೆ. ನಾನು ಕೊಟ್ಟೀರಿ ಅಂದ್ರೆ ಸಿಟ್ಟು ಮಾಡಿದ್ರು. ನೀನು ಒಳಗಿಡವ್ವ," ಎಂದು ಹೇಳಿ ಹೋದಳು. ಬಡವಿ, ಇಟ್ಟುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಹೆಣ್ಣುಮಗಳನ್ನು ನಾನು ಇಂದಿಗೂ ಮನಸ್ಸಿನಲ್ಲೇ ವಂದಿಸುತ್ತೇನೆ. ದುಡ್ಡಿಗಿಂತ ದೊಡ್ಡದನ್ನು ಅವಳು ಅವತ್ತು ನಮ್ಮ ಮನೆಗೆ ತಂದುಕೊಟ್ಟಿದ್ದಳು.

ಅತ್ತಿಗೆ ಆ ದುಡ್ಡನ್ನು ಗೂಡಿನಲ್ಲಿಟ್ಟು ಸುಮ್ಮನಿದ್ದಳು, ಆದರೆ ಅಂದಿನಿಂದ ಕಣ್ಣಿಟ್ಟು ನೋಡತೊಡಗಿದಳು. ನಾನು ಆಗ ದಾವಣಗೆರೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ರಜೆಗೆ ಊರಿಗೆ ಹೋದಾಗ ಅವಳು ಒಲೆಯ ಮುಂದೆ ಕೂತು ಒಂದೊಂದಾಗಿ ಹೇಳಿದಳು. ಹೆಪ್ಪು ಹಾಕಿದ ಹಾಲಿಗೆ ಅತ್ತೆ ಮತ್ತೆ ಹೆಪ್ಪು ಹಾಕುತ್ತಾರೆ. ಶೇಂಗಾ ಹುರಿಯಲು ಬಾಣಲೆ ಇಟ್ಟು ಹಿತ್ತಲಿಗೆ ಹೋದರೆ ಹೊಗೆ ಎದ್ದರೂ ಬರುವುದಿಲ್ಲ. ಹಬ್ಬದ ದಿನ ಹೋಳಿಗೆಗೆ ಬೇಳೆ ಬೇಯಿಸಬೇಕೋ, ಕಣಕ ಕಲಸಬೇಕೋ, ಯಾವುದು ಮೊದಲು ಎಂದು ತಿಳಿಯದೆ ನಿಂತುಬಿಡುತ್ತಾರೆ. ನಿಂತದ್ದನ್ನು ನಾವು ನೋಡಿದೆವು ಎಂದು ಗೊತ್ತಾದರೆ, "ಈ ಸಲ ನೀನೇ ಮಾಡು, ಎಷ್ಟು ದಿನ ನನ್ನ ಕೈಯಾಗೇ ಮಾಡಿಸ್ತೀಯ" ಎಂದು ಹೊರಗೆ ಹೋಗಿ ಕೂರುತ್ತಾರೆ.

ಈ ಕೊನೆಯದು ಬಹಳ ಮುಖ್ಯ. ತನ್ನೊಳಗೆ ಏನೋ ಜಾರುತ್ತಿದೆ ಎಂಬುದು ಮೊದಲು ತಿಳಿಯುವುದು ಆ ವ್ಯಕ್ತಿಗೇ. ಅದನ್ನು ಮುಚ್ಚಿಕೊಳ್ಳಲು ಉಳಿದಿರುವ ಬುದ್ಧಿಯನ್ನೆಲ್ಲ ಬಳಸುತ್ತಾರೆ. ಅವ್ವ ಮುಯ್ಯಾಳಿನ ಲೆಕ್ಕ ಕೇಳಲು ಬಂದವರಿಗೆ "ನೀನೇ ಹೇಳವ್ವ, ನಿನಗೆ ಸುಳ್ಳು ಹೇಳೋಕೆ ಬರಲ್ಲ" ಎನ್ನತೊಡಗಿದಳು. ಬಂದವರು ಹಿಗ್ಗಿ ತಾವೇ ಲೆಕ್ಕ ಹೇಳುತ್ತಿದ್ದರು. ವಯಸ್ಸಾದಂತೆ ಅಮ್ಮಾರು ಮೆದುವಾಗಿದ್ದಾರೆ ಎಂದು ಓಣಿಯವರು ಹೊಗಳಿದರು.

ಆದರೆ ರೊಟ್ಟಿ? ಜೋಳದ ಹಿಟ್ಟಿಗೆ ಎಸರು ಹಾಕಿ, ನಾದಿ, ಕೊಣಮಿಗೆಯ ಅಂಚಿನವರೆಗೂ ತಟ್ಟಿ ತೆಳ್ಳಗೆ ಎತ್ತುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಕಾಯಿಲೆ ಬಲಿತು ನನ್ನ ಹೆಸರು ಮರೆತ ಮೇಲೂ ರೊಟ್ಟಿ ತಟ್ಟುತ್ತಿದ್ದಳು. ಅವಳ ರೊಟ್ಟಿ ನೋಡಿಯೇ ಮೊದಮೊದಲು ಮನೆಯ ಗಂಡಸರು "ರೊಟ್ಟಿ ಹಿಂಗೆ ಬಡೀತಾಳೆ, ಇವಳಿಗೆಂಥ ಕಾಯಿಲೆ" ಎಂದು ವಾದಿಸುತ್ತಿದ್ದದ್ದು. ಇದಕ್ಕೆ ಕಾರಣ ಮಿದುಳಿನ ರಚನೆಯಲ್ಲಿದೆ. ಅವ್ವನಿಗೆ ಬಂದಿದ್ದ ಆಲ್‌ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗವನ್ನು. ಹೊಸ ಸಂಗತಿಯನ್ನು ನೆನಪಾಗಿ ಕೂಡಿಡುವ ಕೆಲಸ ಅದರದು. ಹಾಗಾಗಿ ನಿನ್ನೆ ಕೂಲಿ ಕೊಟ್ಟದ್ದು ದಾಖಲಾಗುವುದೇ ಇಲ್ಲ. ವರ್ಷಗಟ್ಟಲೆ ಮಾಡಿ ಮಾಡಿ ಕೈಗೆ ಇಳಿದ ಕಸುಬಿನ ನೆನಪು ಮಿದುಳಿನ ಬೇರೆ ಜಾಗಗಳಲ್ಲಿರುತ್ತದೆ, ಬಹಳ ತಡವಾಗಿ ಹೋಗುತ್ತದೆ. ಮದುವೆಯಾಗಿ ಬಂದ ವರ್ಷದ ಬರಗಾಲದ ಕತೆಯನ್ನು ಅವ್ವ ಚಾಚೂ ತಪ್ಪದೆ ಹೇಳುತ್ತಿದ್ದಳು. ಬೆಳಿಗ್ಗೆ ಯಾರು ಬಂದು ಹೋದರು ಎಂದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ವಯಸ್ಸಾದವರು ಮರೆಯುವುದೆಲ್ಲ ಕಾಯಿಲೆಯಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಮೊಮ್ಮಗನ ಹೆಸರಿಗೆ ಮಗನ ಹೆಸರು ಹಿಡಿದು ಕೂಗುವುದು, ಪರಿಚಯದವರ ಹೆಸರು ನಾಲಗೆ ತುದಿಗೆ ಬಂದು ನಿಂತು ಆಮೇಲೆ ಹೊಳೆಯುವುದು, ಇವೆಲ್ಲ ನನಗೂ ಈಗ ಆಗುತ್ತವೆ. ನೆನಪಿಸಿದರೆ "ಹೌದಲ್ಲ" ಎನ್ನುತ್ತೇವೆ. ಅವ್ವನಿಗೆ ನೆನಪಿಸಿದರೂ "ಹೌದಲ್ಲ" ಬರುತ್ತಿರಲಿಲ್ಲ. ಆ ಘಟನೆ ಅವಳ ಪಾಲಿಗೆ ನಡೆದೇ ಇರಲಿಲ್ಲ. ಮುಪ್ಪಿನ ಮರೆವಿಗೂ ಈ ಕಾಯಿಲೆಗೂ ಇರುವ ಅಂತರವನ್ನು ಮನೆಯಲ್ಲೇ ಗುರುತಿಸಬಹುದಾದ ಒಳ್ಳೆಯ ದಾರಿ ಇದು ಎಂದು ನನಗೆ ಅನುಭವದಿಂದ ಅನ್ನಿಸಿದೆ. ಇನ್ನೊಂದು, ಯಾರಾದರೂ ತಾವು ಜೀವಮಾನವೆಲ್ಲ ಚೆನ್ನಾಗಿ ಮಾಡಿಕೊಂಡು ಬಂದ ಕೆಲಸದಿಂದ ಹಿಂದೆ ಸರಿಯುತ್ತಿದ್ದಾರೆಯೇ ಎಂಬುದು. ದರ್ಜಿ ಅಳತೆ ತಪ್ಪಿದರೆ, ಅಂಗಡಿಯವರು ಚಿಲ್ಲರೆ ಎಣಿಸಲು ಹಿಂಜರಿದರೆ, ನೀರುಗಂಟಿ ಯಾರ ಗದ್ದೆಗೆ ಯಾವ ಸರದಿ ಎಂಬುದನ್ನು ಕಲಸಿಕೊಂಡರೆ, ಅಲ್ಲಿ ನೋಡಬೇಕು.

ಅವ್ವನ ಬೋರಮಾಳ ಸರದ ಗಲಾಟೆ ನಡೆದದ್ದು ಅತ್ತಿಗೆ ಒಲೆಯ ಮುಂದೆ ಇದನ್ನೆಲ್ಲ ಹೇಳಿದ ಮುಂದಿನ ಬೇಸಿಗೆಯಲ್ಲಿ. ಮೊಮ್ಮಗನ ಕೈಲಿ ಫೋನು ಹಚ್ಚಿಸಿ ಅವ್ವ ನನಗೆ ಹೇಳಿದಳು: "ನಿನ್ನ ಅತ್ತಿಗೆ ನನ್ನ ಬೋರಮಾಳ ತಗಂಡು ತವರಿಗೆ ಸಾಗಿಸ್ಯಾಳೆ. ಬಂದು ನ್ಯಾಯ ಮಾಡು." ಅವಳ ದನಿಯಲ್ಲಿ ನಾನು ಹಿಂದೆಂದೂ ಕೇಳದ ಕಹಿ ಇತ್ತು. ಊರಿಗೆ ಹೋದಾಗ ಮನೆ ರಣರಂಗವಾಗಿತ್ತು. ಅಣ್ಣ ಹೆಂಡತಿಯ ಮೇಲೆ ಕೂಗಾಡಿದ್ದ. ಅತ್ತಿಗೆಯ ತವರಿನವರಿಗೆ ಸುದ್ದಿ ಮುಟ್ಟಿ ಅವರು ಮುನಿಸಿಕೊಂಡಿದ್ದರು. ಓಣಿಯ ಹೆಂಗಸರು ಎರಡು ಪಾಳಿಯಾಗಿ ನಿಂತಿದ್ದರು: ಸೊಸೆ ಕದ್ದಿರಬೇಕು ಎನ್ನುವವರು, ಮುದುಕಿ ಸೊಸೆಯನ್ನು ಓಡಿಸಲು ಹೂಡಿದ ಆಟ ಎನ್ನುವವರು. ಅತ್ತೆ ಸೊಸೆ ಜಗಳ ಎಂಬ ಹಣೆಪಟ್ಟಿ ಹಚ್ಚಿದ ಮೇಲೆ ಅದರೊಳಗೆ ಬೇರೇನಾದರೂ ಇದೆಯೇ ಎಂದು ನಮ್ಮ ಊರುಗಳಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ.

ಬಿಚ್ಚಿ ನೋಡಿದವಳು ಕಳ್ಳಿ ಅನ್ನಿಸಿಕೊಂಡವಳೇ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅತ್ತಿಗೆ ನನ್ನ ಹತ್ತಿರ ಬಂದು ಹೇಳಿದಳು: "ನನ್ನ ಬೈದದ್ದಕ್ಕೆ ನನಗೆ ದುಃಖ ಇಲ್ಲ. ಅತ್ತೆ ಹಿಂಗೆ ಮಾತಾಡೋರಲ್ಲ. ನಾನು ಈ ಮನಿಗೆ ಬಂದು ಇಪ್ಪತ್ತು ವರ್ಷ ಆತು, ಒಂದು ದಿನ ನನ್ನ ಟ್ರಂಕಿಗೆ ಕೈ ಹಾಕಿಲ್ಲ, ನನ್ನ ತವರಿನ ಸುದ್ದಿಗೆ ಬಂದಿಲ್ಲ. ಇದು ಅವರ ಮಾತಲ್ಲ. ಅವರಿಗೇನೋ ಆಗೇತಿ." ನನ್ನ ಓದೆಲ್ಲ ಆ ಮಾತಿನ ಮುಂದೆ ಚಿಕ್ಕದು ಎನ್ನಿಸಿತು. ಸ್ವಭಾವ ಬದಲಾದದ್ದನ್ನು ಅವಮಾನದ ನಡುವೆಯೂ ಕಾಯಿಲೆ ಎಂದು ಗುರುತಿಸಲು ಎಷ್ಟು ದೊಡ್ಡ ಮನಸ್ಸು ಬೇಕು!

ಮರುದಿನ ಇಬ್ಬರೂ ಸೇರಿ ಮನೆ ಜಾಲಾಡಿದೆವು. ಸರ ಸಿಕ್ಕಿದ್ದು ಅಟ್ಟದ ಮೇಲಿನ ಶೇಂಗಾ ಬೀಜದ ಚೀಲದೊಳಗೆ, ಹಳೆಯ ರವಿಕೆಯ ತುಂಡಿನಲ್ಲಿ ಬಿಗಿಯಾಗಿ ಗಂಟು ಹಾಕಿ ಇಟ್ಟದ್ದು. ಗಂಟು ಅವ್ವನದೇ, ಹಾಗೆ ಕಟ್ಟುವವರು ಮನೆಯಲ್ಲಿ ಬೇರೆ ಇಲ್ಲ. ತಂದು ತೋರಿಸಿದರೆ ಅವ್ವ ಸರವನ್ನು ಎದೆಗೊತ್ತಿಕೊಂಡು, "ನೋಡು, ನೀನು ಬಂದೀಯ ಅಂತ ಹೆದರಿ ತಂದಿಟ್ಟಾಳೆ" ಎಂದಳು.

ಅಲ್ಲಿಗೆ ವಾದ ಮಾಡಿ ಪ್ರಯೋಜನವಿಲ್ಲ ಎಂದು ನಮಗೆ ತಿಳಿಯಿತು. ಕಳುವಿನ ಭಯದಿಂದ ತಾನೇ ಬಚ್ಚಿಟ್ಟದ್ದು, ಬಚ್ಚಿಟ್ಟ ಕ್ಷಣ ನೆನಪಾಗಿ ಉಳಿಯದೆ ಹೋದದ್ದು, ಪೆಟ್ಟಿಗೆ ತೆರೆದಾಗ ಸರ ಇಲ್ಲದ್ದು. ಈ ಖಾಲಿ ಜಾಗವನ್ನು ಮನಸ್ಸು ಒಂದು ಕತೆಯಿಂದ ತುಂಬಿಕೊಳ್ಳಲೇಬೇಕು. ಯಾರೋ ತೆಗೆದರು. ಯಾರು? ದಿನವಿಡೀ ಹತ್ತಿರ ಇರುವವರು, ಉಣಿಸುವವರು, ತಿನಿಸುವವರು. ಆದ್ದರಿಂದಲೇ ಈ ಆರೋಪ ಬಹುಮಟ್ಟಿಗೆ ಬೀಳುವುದು ಹೆಚ್ಚು ಸೇವೆ ಮಾಡುವವರ ಮೇಲೆ. ಇದು ತಿಳಿಯದೆ ಎಷ್ಟು ಸೊಸೆಯಂದಿರು ಕಳ್ಳಿಯರೆನ್ನಿಸಿಕೊಂಡು ತವರು ಸೇರಿದ್ದಾರೋ, ಎಷ್ಟು ಮನೆಗಳು ಪಾಲಾಗಿವೆಯೋ ಎಂದು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ ಓದಿದಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಈ ಕಾಯಿಲೆಗೆ ಹೆಸರು ತಂದ ಮೊದಲ ರೋಗಿ ಆಗುಸ್ತೆ ಡೇಟರ್ ಎಂಬ ಹೆಣ್ಣುಮಗಳು, ರೈಲ್ವೆ ಗುಮಾಸ್ತನ ಹೆಂಡತಿ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದಾಗ ಅವಳಿಗೆ 51 ವರ್ಷ. ಆಲೋಯಿಸ್ ಆಲ್‌ಝೈಮರ್ ಎಂಬ ವೈದ್ಯ ಅವಳನ್ನು ಕೂರಿಸಿ ಮಾತಾಡಿಸಿ ಎಲ್ಲವನ್ನೂ ಬರೆದಿಟ್ಟ. ಅವಳು 1906ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ, ಅದೇ ವರ್ಷ ಟ್ಯೂಬಿಂಗೆನ್ ಊರಿನ ವೈದ್ಯರ ಸಭೆಯಲ್ಲಿ ತಾನು ಕಂಡದ್ದನ್ನು ಮಂಡಿಸಿದ. ಅವಳಲ್ಲಿ ಎಲ್ಲಕ್ಕಿಂತ ಮೊದಲು ಕಾಣಿಸಿಕೊಂಡದ್ದು ಮರೆವಲ್ಲ, ಗಂಡನ ಮೇಲಿನ ಸಂಶಯ. ದಾಖಲಾದ ಮೊದಲ ಮನೆಯಲ್ಲೇ ಕಾಯಿಲೆ ಸಂಸಾರದ ಜಗಳದ ವೇಷ ಹಾಕಿ ಬಂದಿತ್ತು. ಅದಾಗಿ ನೂರು ವರ್ಷ ಕಳೆದ ಮೇಲೆ ತುಂಗಭದ್ರೆಯ ಸೀಮೆಯ ಹಳ್ಳಿಯೊಂದರಲ್ಲೂ ಅದೇ ವೇಷ.

ಅರವತ್ತಕ್ಕೆ ಅರಳು ಮರಳು ಎಂದು ನಮ್ಮವರು ಎಲ್ಲವನ್ನೂ ಸುಲಭವಾಗಿ ಸೇರಿಸಿಬಿಡುತ್ತಾರೆ. ಅದು ಕರುಣೆಯ ಮಾತು ಕೂಡ ಹೌದು. ಮುದುಕರು ತಪ್ಪು ಮಾಡಿದರೆ ಕ್ಷಮಿಸಿ ಎನ್ನುವ ಅರ್ಥ ಅದರಲ್ಲಿದೆ. ಆದರೆ ಆಸ್ಪತ್ರೆಯ ದಾರಿಯನ್ನು ಅದು ಮುಚ್ಚುತ್ತದೆ. ಅಲ್ಲಿಗೂ ಸಮಾಧಾನವಾಗದವರು ಗಾಳಿ ಎನ್ನುತ್ತಾರೆ. ನಮ್ಮ ತಾಲ್ಲೂಕಿನದೇ ಉಕ್ಕಡಗಾತ್ರಿ, ಹೊಳೆ ದಂಡೆಯಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಅಮಾವಾಸ್ಯೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಮನಸ್ಸು ಕೆಟ್ಟವರನ್ನು ಕರೆತರುತ್ತಾರೆ. ಅಣ್ಣ ಅವ್ವನನ್ನೂ ಕರೆದುಕೊಂಡು ಹೋದ. ಹೊಳೆಯಲ್ಲಿ ಮಿಂದು, ಗದ್ದುಗೆಗೆ ಹಣೆ ಹಚ್ಚಿ ಬಂದ ಅವ್ವ ಕೆಲವು ದಿನ ಶಾಂತಳಾಗಿದ್ದಳು. ಅಜ್ಜಯ್ಯನ ಮೇಲೆ ಅವಳಿಗೆ ಚಿಕ್ಕಂದಿನಿಂದ ಇದ್ದ ಭಕ್ತಿಯ ಫಲ ಅದು, ನಾನು ಅದನ್ನು ಹಗುರಾಗಿ ಕಾಣಲಾರೆ. ಗದ್ದುಗೆಗೆ ಹೋಗುವವರು ಆಸ್ಪತ್ರೆಗೂ ಹೋಗಲಿ ಎಂಬುದಷ್ಟೇ ನನ್ನ ಬೇಡಿಕೆ.

ನಾವು ಹೋದದ್ದು ದುಗ್ಗಮ್ಮನ ಜಾತ್ರೆಯ ನಂತರ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕೆಯ ಜಾತ್ರೆ. ಹಳೆ ಊರಿನಲ್ಲಿರುವ ತಂಗಿಯ ಮನೆಗೆ ಅವ್ವ ಪ್ರತಿ ಜಾತ್ರೆಗೂ ಒಬ್ಬಳೇ ಬರುತ್ತಿದ್ದಳು. ಕಣ್ಣು ಕಟ್ಟಿ ಬಿಟ್ಟರೂ ಆ ಸಂದಿಗಳಲ್ಲಿ ಮನೆ ಸೇರುವವಳು. ಆ ಸಲ ಮಂಡಿಪೇಟೆಯ ಗಡಿಯಾರ ಕಂಬದ ಹತ್ತಿರ ಚೀಲ ಹಿಡಿದು ನಿಂತಿದ್ದವಳನ್ನು ಪರಿಚಯದ ವ್ಯಾಪಾರಿಯೊಬ್ಬರು ಗುರುತಿಸಿ ಚಿಕ್ಕಮ್ಮನಿಗೆ ತಿಳಿಸಿದರು. "ಜನ ಜಾಸ್ತಿ ಇದ್ರು, ಅದಕ್ಕೆ ನಿಂತಿದ್ದೆ" ಎಂದಳು. ಅವಳ ಕೈ ನಡುಗುತ್ತಿತ್ತು. ಅಣ್ಣ ಅಂದು ಮೊದಲ ಬಾರಿಗೆ ಬಾಯಿ ಬಿಟ್ಟು, "ಡಾಕ್ಟ್ರಿಗೆ ತೋರ್ಸಾಣ" ಎಂದ.

ದಾವಣಗೆರೆಯ ಆ ವೈದ್ಯರು ಅವಸರ ಮಾಡಲಿಲ್ಲ. ತಾರೀಖು ಕೇಳಿದರು. "ನಂಗೆ ಓದು ಬರಲ್ಲ ಸ್ವಾಮಿ," ಎಂದಳು ಅವ್ವ. ಅದು ನ್ಯಾಯವಾದ ಉತ್ತರವೇ. ಹೊರದೇಶದಲ್ಲಿ 1975ರಲ್ಲಿ ಸಿದ್ಧವಾಗಿ ಲೋಕವೆಲ್ಲ ಬಳಸುವ 30 ಅಂಕದ ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುತ್ತ ಬರಬೇಕು, ಒಂದು ವಾಕ್ಯ ಬರೆಯಬೇಕು, ಐದು ಮೂಲೆಯ ಚಿತ್ರ ನಕಲು ಮಾಡಬೇಕು. ಪೆನ್ನು ಹಿಡಿಯದವರು ಆರೋಗ್ಯವಾಗಿದ್ದರೂ ಅದರಲ್ಲಿ ಸೋಲುತ್ತಾರೆ. ವೈದ್ಯರು ಹಾಳೆ ಬದಿಗಿಟ್ಟು ಕೇಳಿದರು: "ಈಗ ಯಾವ ಹಬ್ಬ ಆಯ್ತಮ್ಮ? ಗದ್ದೇಲಿ ಈಗ ಏನು ಕೆಲಸ ನಡೀತೈತಿ?" ಹುಣ್ಣಿಮೆ, ಅಮಾವಾಸ್ಯೆ, ಹಬ್ಬ, ಸಸಿಮಡಿ, ನಾಟಿ, ಕಳೆ, ಕೊಯ್ಲು, ಇದೇ ಅವಳ ಪಂಚಾಂಗ. ಅವ್ವ ಅತ್ತಿಗೆಯ ಕಡೆ ತಿರುಗಿದಳು. ಪ್ರತಿ ಪ್ರಶ್ನೆಗೂ ತಿರುಗಿದಳು, ಕಳ್ಳಿ ಎಂದು ತಾನೇ ಬೈದವಳ ಕಡೆಗೆ. ಹಾಗೆ ಉತ್ತರಕ್ಕಾಗಿ ಜೊತೆಯವರತ್ತ ತಲೆ ತಿರುಗಿಸುವುದನ್ನೂ ವೈದ್ಯರು ಒಂದು ಲಕ್ಷಣವಾಗಿ ಗಮನಿಸುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ನಂತರ ಅವರು ಅಣ್ಣನನ್ನೂ ನನ್ನನ್ನೂ ಬಿಟ್ಟು ಅತ್ತಿಗೆಯನ್ನು ಕೇಳತೊಡಗಿದರು. ಅವಳು ಹೆಪ್ಪಿನಿಂದ ಹಿಡಿದು ಕೂಲಿಯವರೆಗೆ ಹೇಳಿದಳು, ಯಾವುದು ಯಾವ ಬೆಳೆಯ ಹೊತ್ತಿಗೆ ಶುರುವಾಯಿತು ಎಂಬುದರ ಸಮೇತ. ವೈದ್ಯರು ಬರೆದುಕೊಳ್ಳುತ್ತಲೇ ಇದ್ದರು. ಓದು ಬಾರದವರ ಹಳ್ಳಿಯಲ್ಲಿ ಈ ಕಾಯಿಲೆಯನ್ನು ಹುಡುಕುವುದು ಹೇಗೆ ಎಂದು ಹರಿಯಾಣದ ಬಲ್ಲಭಗಢದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು 1990ರ ದಶಕದಲ್ಲಿ ದೊಡ್ಡ ಕೆಲಸ ಮಾಡಿದ್ದಾರೆ. ಅಕ್ಷರ ಬೇಡದ ಪ್ರಶ್ನೆಗಳನ್ನು ರೂಪಿಸಿದ್ದಲ್ಲದೆ, ದಿನನಿತ್ಯದ ಕೆಲಸಗಳನ್ನು ಹೇಗೆ ನಿಭಾಯಿಸುತ್ತಾರೆ ಎಂದು ಮನೆಯವರನ್ನೇ ಕೇಳುವ ಪಟ್ಟಿಯೊಂದನ್ನೂ ಮಾಡಿದರು. ಇತ್ತೀಚೆಗೆ ಐಸಿಎಂಆರ್ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಮನೆಯಲ್ಲಿ ಕೂಡ ಇರುವವರ ಮಾತೇ ಸಾಕ್ಷ್ಯ ಎಂದು ವಿಜ್ಞಾನ ಒಪ್ಪಿದೆ. ಆದರೆ ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಕಂಡವಳು ಸೊಸೆ, ಎಲ್ಲರಿಗಿಂತ ಕಡಿಮೆ ನಂಬಿಕೆ ಇಡುವುದೂ ಅವಳ ಮಾತಿನ ಮೇಲೇ.

ರಕ್ತ ಪರೀಕ್ಷೆಯಲ್ಲಿ ಬಿ12 ಜೀವಸತ್ವ ಕಡಿಮೆ ಇತ್ತು. ಅದರ ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳು, ಇವೂ ಮರೆವು ತರುತ್ತವೆ, ಇವನ್ನು ಸರಿಪಡಿಸಬಹುದು. ಬೇಗ ತೋರಿಸಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಇಂಜೆಕ್ಷನ್ ಕೊಟ್ಟ ಮೇಲೆ ಅವ್ವ ತುಸು ಚುರುಕಾದಳು, ಕಾಲಿನ ಜೋಮು ಹೋಯಿತು, ಮರೆವು ಮಾತ್ರ ಹೋಗಲಿಲ್ಲ. ಆಮೇಲೆ ಸ್ಕ್ಯಾನ್, ಡೊನೆಪೆಜಿಲ್ ಮಾತ್ರೆ. ಅದು ಗುಣಪಡಿಸುವ ಮದ್ದಲ್ಲ, ಲಕ್ಷಣಗಳನ್ನು ಸ್ವಲ್ಪ ಕಾಲ ತಡೆದು ಹಿಡಿಯುತ್ತದೆ ಎಂದು ವೈದ್ಯರು ಮುಚ್ಚುಮರೆ ಇಲ್ಲದೆ ಹೇಳಿದರು.

ಕಾಯಿಲೆಯ ಹೆಸರು ಗೊತ್ತಾದ ದಿನದಿಂದ ಮನೆ ಬದಲಾಯಿತು. ಅಣ್ಣ ಹೆಂಡತಿಯ ತವರಿಗೆ ಹೋಗಿ ಕೂತು ಮಾತಾಡಿ ಬಂದ. ಅವ್ವ ನೋಡಿಕೊಳ್ಳುತ್ತಿದ್ದ ಸ್ತ್ರೀಶಕ್ತಿ ಸಂಘದ ದುಡ್ಡಿನ ಜವಾಬ್ದಾರಿ ಬೇರೆಯವರಿಗೆ ಹೋಯಿತು. ಅವ್ವನ ಹೆಸರಿನಲ್ಲಿದ್ದ ಜಮೀನಿನ ಕಾಗದಪತ್ರಗಳನ್ನು ಅವಳಿಗೆ ಇನ್ನೂ ತಿಳಿವಳಿಕೆ ಇರುವಾಗಲೇ, ಅವಳನ್ನು ಕೇಳಿಯೇ ಸರಿಮಾಡಿಸಿದೆವು. ಹೆಬ್ಬೆಟ್ಟಿನ ಮುದ್ರೆಗೆ ಬೆಲೆ ಇರುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಸರದ ವಿಷಯ ಎತ್ತಿದಾಗೆಲ್ಲ ಅತ್ತಿಗೆ "ಹುಡುಕಾಣ ಬರ್ರಿ ಅತ್ತೆ, ಇಬ್ರೂ ಸೇರಿ ಹುಡುಕಾಣ" ಎಂದು ಕೈ ಹಿಡಿದು ಅಟ್ಟ ಹತ್ತಿಸುತ್ತಿದ್ದಳು. ಅರ್ಧ ಹುಡುಕುವಷ್ಟರಲ್ಲಿ ಅವ್ವನ ಸಿಟ್ಟು ಇಳಿದಿರುತ್ತಿತ್ತು. ಈ ಉಪಾಯವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

2016ರಲ್ಲಿ ಅನಂತನಾಗ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾ ಬಂದ ಮೇಲೆ ಆಲ್‌ಝೈಮರ್ ಎಂಬ ಹೆಸರು ನಮ್ಮೂರಿನ ಕಟ್ಟೆಗೂ ಬಂತು. ಅದು ಒಳ್ಳೆಯದೇ ಆಯಿತು. ಆದರೆ ಆ ಕತೆ ಶುರುವಾಗುವ ಹೊತ್ತಿಗೆ ತಂದೆಯ ಕಾಯಿಲೆ ಬಲಿತಿದೆ. ಅದಕ್ಕೂ ಹಿಂದಿನ, ಯಾರ ಕಣ್ಣಿಗೂ ಬೀಳದ ವರ್ಷಗಳ ಬಗ್ಗೆ ನಮ್ಮಲ್ಲಿ ಮಾತು ಇನ್ನೂ ಕಡಿಮೆ. ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಶಿಯಾದೊಂದಿಗೆ, ಅಂದರೆ ಆಲ್‌ಝೈಮರ್ ಸೇರಿದಂತೆ ಇಂಥ ಮರೆವಿನ ಕಾಯಿಲೆಗಳೊಂದಿಗೆ ಬದುಕುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ನಮ್ಮ ಅವ್ವ ಆ ಎರಡೂ ಸಾಲಿನಲ್ಲಿದ್ದವಳು. ಬಿಪಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಟ್ಟು, ಕಿವಿ ಕೇಳಿಸದಿದ್ದರೆ ಯಂತ್ರ ಹಾಕಿಸಿ, ಜನರೊಡನೆ ಬೆರೆಯುವಂತೆ ನೋಡಿಕೊಂಡರೆ ಕಾಯಿಲೆಯ ಸಂಭವವನ್ನು ತಗ್ಗಿಸಬಹುದು ಎಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಹೇಳುತ್ತ ಬಂದಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯದ ಯೋಜನೆ ಆರಂಭಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಕ್ಲಿನಿಕ್ ತೆರೆಯುತ್ತ ಬಂದಿದೆ. ಅವ್ವನ ಕಾಲಕ್ಕೆ ಇದು ಇರಲಿಲ್ಲ.

ಅವ್ವ ಹೋಗಿ ಕೆಲವು ವರ್ಷಗಳಾದವು. ಅತ್ತಿಗೆಯ ಹತ್ತಿರ ಈಗ ಓಣಿಯ ಸೊಸೆಯಂದಿರು ಬಂದು ಕೇಳುತ್ತಾರೆ. ಹೋದ ಸಲ ನಾನು ಊರಲ್ಲಿದ್ದಾಗ ಪಕ್ಕದ ಮನೆಯ ಅಜ್ಜಿಯನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯುವುದಿತ್ತು. ಅತ್ತಿಗೆಯೂ ಜೊತೆಗೆ ಹೊರಟಳು. ಬಸ್ಸಿನಲ್ಲಿ ಆ ಎಳೆಯ ಸೊಸೆಗೆ ಹೇಳಿಕೊಡುತ್ತಿದ್ದಳು: "ಬರೀ ಮರೀತಾರೆ ಅನ್ಬೇಡ. ಮೊದ್ಲು ಏನೇನು ಮಾಡ್ತಿದ್ರು, ಈಗ ಯಾವುದು ಬಿಟ್ಟಾರೆ, ಯಾವ ಹಬ್ಬದಿಂದ ಬಿಟ್ಟಾರೆ, ಅದನ್ನ ಹೇಳು." ವೈದ್ಯರ ಕೋಣೆಯಲ್ಲಿ ಅಜ್ಜಿಯ ಮಗ ಎಂದಿನಂತೆ ಮುಂದೆ ಕೂತು, "ಏನಿಲ್ಲ ಸಾರ್, ವಯಸ್ಸಾಗೇತಿ" ಎಂದು ಶುರುಮಾಡಿದ. ಹಿಂದೆ ನಿಂತಿದ್ದ ಅತ್ತಿಗೆ ಅವನ ಭುಜ ಮುಟ್ಟಿ ಹೇಳಿದಳು: "ಏಳಪ್ಪ, ಆ ಕುರ್ಚಿ ನಿನ್ನ ಹೆಂಡ್ತಿಗೆ ಬಿಡು. ದಿನಾ ಅತ್ತೆ ಕೂಡ ಒಲಿ ಮುಂದೆ ಕೂರೋಳು ಅವಳು. ಅವಳು ಹೇಳ್ಲಿ."